ಕೇಳಿದ್ದು ರಿಸೀವರ್, ಬಂದಿದ್ದು ಲವ್

ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟ್ ಅಂದ್ರೆ ನಮ್ಮ ಐಪಿಎಲ್ ಹರಾಜಲ್ಲ. ದುಡ್ಡು ಕೂಗೋದಿಲ್ಲ, ಕಾಲೇಜು ಆಟಗಾರರನ್ನ ಸರದಿ ಪ್ರಕಾರ ಆರಿಸ್ತಾರೆ. 2020ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಸೂಪರ್ ಬೌಲ್‌ಗೆ ಒಂದೇ ಪಂದ್ಯ ಬಾಕಿ ಇರುವಾಗ ಸೋತು ಬಂದಿತ್ತು. ಅಭಿಮಾನಿಗಳಿಗೆ ಬೇಕಿದ್ದದ್ದು ಚೆಂಡು ಹಿಡಿಯೋ ರಿಸೀವರ್. ತಂಡ 30ರಿಂದ 26ನೇ ಸರದಿಗೆ ಜಿಗಿದು ತಂದದ್ದು ಚೆಂಡು ಎಸೆಯೋ ಇನ್ನೊಬ್ಬನನ್ನ, ಜೋರ್ಡನ್ ಲವ್. ಅದೂ ಆರನ್ ರಾಜರ್ಸ್ ಇರುವಾಗಲೇ! ಒಂದಷ್ಟು ಜನ ರೊಚ್ಚಿಗೆದ್ದರು. 2005ರಲ್ಲಿ ಬ್ರೆಟ್ ಫಾರ್ವ್ ಇರುವಾಗಲೇ ರಾಜರ್ಸ್‌ನ ತಂದಿರಲಿಲ್ವಾ ಅನ್ನೋದು ಇನ್ನೊಂದು ಗುಂಪಿನ ವಾದ.

ರಾಜರ್ಸ್ ಮುಂದಿನ ಎರಡೂ ಸೀಸನ್ ಎಂವಿಪಿ ಆದ, ಕಪ್ ಮಾತ್ರ ಬರಲಿಲ್ಲ. ಮೂರು ವರ್ಷ ಬೆಂಚು ಕಾಯ್ದ ಲವ್, 2023ರ ಸೀಸನ್ನಿನ ಪ್ಲೇಆಫ್‌ನಲ್ಲಿ ಡಲ್ಲಾಸ್‌ನ 48–32ರಿಂದ ಮಣಿಸಿದ. ಆದ್ರೂ ಅವತ್ತು ಬೈದವರದ್ದು ತಪ್ಪು ಅಂತ ನಂಗನ್ನಿಸಲ್ಲ. ರಾಜರ್ಸ್‌ಗೆ ಆಗಲೇ 36 ಆಗಿತ್ತು.