ಬಿಡುಗಡೆ ಪತ್ರ ನಂಬಿ ನಿವೇಶನ ಕೊಳ್ಳಬಹುದೇ?

ದೇವನಹಳ್ಳಿ ಬಳಿ ಅಪ್ಪ ಒಂದು ನಿವೇಶನ ನೋಡಿದ್ದಾರೆ, ಮಾಲೀಕರು ಕ್ರಯಪತ್ರದ ಬದಲು 'ಹಕ್ಕು ಬಿಡುಗಡೆ ಪತ್ರ' ಬರೆದುಕೊಡುತ್ತಾರಂತೆ, ಖರ್ಚೂ ಕಡಿಮೆಯಂತೆ, ಕೊಳ್ಳಬಹುದೇ ಎಂದು ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಅವಳ ಓದಿಗೆಂದು ಕೂಡಿಟ್ಟ ಹಣವಂತೆ. ಆದ್ದರಿಂದ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ.

ಖುಲಾಸೆ ಪತ್ರ ಎಂದೂ ಕರೆಯುವ ಈ ಕಾಗದ ಇರುವುದು ಮನೆಯೊಳಗಿನ ವ್ಯವಹಾರಕ್ಕೆ. ತಂಗಿ ತನ್ನ ಪಾಲು ಬಿಟ್ಟುಕೊಟ್ಟರೆ, ಮೊದಲೇ ಪಾಲುದಾರನಾದ ಅಣ್ಣನ ಹಕ್ಕಿಗೆ ಅದು ಸೇರುತ್ತದೆ. ಶುಲ್ಕದ ರಿಯಾಯಿತಿಯೂ ಕುಟುಂಬದವರಿಗೇ. ಹೊರಗಿನವರಿಗೆ ಬರೆದುಕೊಟ್ಟರೆ ಮಾರಾಟಕ್ಕಿರುವಂತೆಯೇ ಮುದ್ರಾಂಕ ಶುಲ್ಕ ಬೀಳುತ್ತದೆ. ಅಲ್ಲಿಗೆ ಉಳಿತಾಯದ ಮಾತು ಮುಗಿಯಿತು.

ದೊಡ್ಡ ಅಪಾಯ ಬೇರೆ ಇದೆ. ಕ್ರಯಪತ್ರ ಬರೆದುಕೊಟ್ಟವನು, ಬೇರೆ ಕರಾರಿಲ್ಲದಿದ್ದರೆ, ಮಾರುವ ಹಕ್ಕು ತನಗಿದೆ ಎಂಬ ಹೊಣೆಯನ್ನೂ ಹೊತ್ತಂತೆ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬಿಡುಗಡೆ ಪತ್ರದವನು ಹೇಳುವುದು 'ನನಗೇನು ಹಕ್ಕಿದೆಯೋ ಅದನ್ನು ಬಿಟ್ಟೆ' ಎಂದಷ್ಟೆ. ಏನೂ ಇರದಿದ್ದರೆ ನಿಮಗೆ ಬಂದದ್ದೂ ಏನೂ ಇಲ್ಲ. ನೋಂದಣಿಯಾಗಿದೆಯಲ್ಲ ಎನ್ನಬೇಡಿ; ನೋಂದಣಿ ಕಚೇರಿಯ ಮೊಹರು ಮಾಲೀಕತ್ವದ ತೀರ್ಪಲ್ಲ.

ನಮ್ಮ ಸೀಮೆಯಲ್ಲಿ ಈ ಭಯ ಬರಿಯ ಕಲ್ಪನೆಯಲ್ಲ. ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು, ರಾಗಿ ಹೊಲಕ್ಕೆ ಊಹಿಸದ ಬೆಲೆ ಬಂತು. ಅದಕ್ಕೂ ಮೊದಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ಬದಲಾಗಿತ್ತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ಮಾರಾಟ, ವಿಭಾಗಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಕಳಿಸಿದ ಅಕ್ಕ ಸಹಿ ಮಾಡದಿದ್ದರೆ, ಅಣ್ಣ ತಮ್ಮಂದಿರೆಲ್ಲ ಸಹಿ ಮಾಡಿದ ಕಾಗದ ಹಿಡಿದವರಿಗೂ ವಿಭಾಗದ ದಾವೆಯ ಸಮನ್ಸ್ ಬರಬಹುದು.

ಆದ್ದರಿಂದ ಮಾಲೀಕರಿಂದ ವಂಶವೃಕ್ಷ ಕೇಳಿ. ಅದರಲ್ಲಿರುವ ಹೆಣ್ಣುಮಕ್ಕಳ ಹೆಸರನ್ನು ಹಳೆಯ ಪತ್ರಗಳಲ್ಲಿನ ಸಹಿಗಳೊಡನೆ ವಕೀಲರಿಂದ ತಾಳೆ ನೋಡಿಸಿ. ಪಹಣಿಯೊಂದನ್ನೇ ನಂಬಬೇಡಿ. ಋಣಭಾರ ಪತ್ರದಲ್ಲೂ ಕಾಣುವುದು ನೋಂದಣಿಯಾದ ವ್ಯವಹಾರಗಳಷ್ಟೆ. ಹಕ್ಕುಳ್ಳವರೆಲ್ಲ ಕ್ರಯಪತ್ರಕ್ಕೇ ಸಹಿ ಹಾಕುವುದಾದರೆ ಮುಂದಿನ ಮಾತು.

ಪತ್ರ ಬರೆದ ಹುಡುಗಿಗೆ ಇನ್ನೊಂದು ಮಾತು. ಹದಿನೆಂಟು ತುಂಬಿದ ಮೇಲೆ ನಿನ್ನನ್ನೂ ಯಾರಾದರೂ 'ಒಂದು ಸಹಿ ಅಷ್ಟೇನಮ್ಮ' ಎಂದು ನೋಂದಣಿ ಕಚೇರಿಗೆ ಕರೆಯಬಹುದು. ಹಿಂದಿನ ದಿನವೇ ಕರಡು ತರಿಸಿಕೊಂಡು ಓದು; ಯಾವ ಸರ್ವೆ ನಂಬರು, ಎಷ್ಟು ಗುಂಟೆ ಎಂದು ಕೇಳು.