ದರ್ಜೆಯೊಂದೇ ಆಯುಷ್ಯವನ್ನು ನುಡಿಯದು

ದೊಡ್ಡ ಕರುಳಿನ ಕ್ಯಾನ್ಸರಿನ ಬಯಾಪ್ಸಿ ವರದಿಯಲ್ಲಿ ‘ಉನ್ನತ ದರ್ಜೆ’ಯೆಂದು ಕಂಡಮೇಲೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ರೈತರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಅಲೆಯುವುದು ವ್ಯರ್ಥವೆಂದು ಕಳೆದ ಸಂಚಿಕೆಯ ಲೇಖಕರು ಬರೆದಿರುವುದು ಅಶಾಸ್ತ್ರೀಯವಷ್ಟೇ ಅಲ್ಲ, ನಿರ್ದಯವೂ ಹೌದು. ಗಡ್ಡೆಯ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ ಸಹಜ ಗ್ರಂಥಿರಚನೆ ಉಳಿದಿದ್ದರೆ ಅದು ಉನ್ನತ ದರ್ಜೆ, ನಿಜ; ಆದರೆ ಲಂಡನ್ನಿನ ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್ 1932ರಲ್ಲಿಯೇ ತೋರಿದಂತೆ, ರೋಗವು ಕರುಳಿನ ಗೋಡೆಯನ್ನು ದಾಟಿತೇ, ದುಗ್ಧರಸಗ್ರಂಥಿಗಳನ್ನು ಸೇರಿತೇ ಎಂಬುದೇ ಮುಂದಿನ ಗತಿಯನ್ನು ಹೆಚ್ಚು ಸೂಚಿಸುವುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 12 ದುಗ್ಧರಸಗ್ರಂಥಿಗಳನ್ನಾದರೂ ಪರೀಕ್ಷಿಸಿ ಅರಿಯಬೇಕಾದುದನ್ನು ಅಕ್ಕಿಕಾಳಿನಷ್ಟು ಬಯಾಪ್ಸಿಯ ತುಣುಕು ಹೇಗೆ ಹೇಳೀತು? ಮೇಲಾಗಿ, ಡಿಎನ್‌ಎ ದೋಷಗಳನ್ನು ತಿದ್ದುವ ಪ್ರೋಟೀನುಗಳು ನಷ್ಟವಾದ ಗಡ್ಡೆಗಳು ಅನೇಕ ವೇಳೆ ಉನ್ನತ ದರ್ಜೆಯವಾಗಿ ಕಂಡರೂ, ದೂರಕ್ಕೆ ಹರಡುವ ಮುನ್ನ ತೆಗೆದರೆ ಫಲಿತಾಂಶ ಇತರ ಗಡ್ಡೆಗಳಿಗಿಂತ ಉತ್ತಮವಾಗಿರುವುದುಂಟು. ಆ ಪ್ರೋಟೀನುಗಳ ಪರೀಕ್ಷೆಯನ್ನು ಕೇಳಿರೆಂದು ಬರೆಯಬೇಕಾಗಿದ್ದ ಲೇಖನಿಯು ರೋಗಿಯನ್ನು ಬಸ್ಸಿನಿಂದ ಕೆಳಗಿಳಿಸಿದೆ.