ಮಿರುಗೋ ಹಬ್ ಬೇಡ ಸ್ವಾಮಿ!

ಹಳೇ ಜೀಪ್ ಇಟ್ಕೊಂಡಿರೋ ನಮ್ಮ ಹೊರನಾಡ ಕನ್ನಡಿಗರದ್ದು ಒಂದೇ ಗೋಳು: "ಒಳ್ಳೇ ಫ್ರೀವೀಲಿಂಗ್ ಹಬ್ ಎಲ್ಲಿ ಸಿಗುತ್ತೆ?" ದಿಲ್ಲಿಯವರು ಕಾಶ್ಮೀರಿ ಗೇಟ್ ಅಲೀತಾರೆ, ಚೆನ್ನೈಯವರು ಪುದುಪೇಟೆ. ಕೊನೆಗೆ ಹೊಳೆಯೋ ಡೂಪ್ಲಿಕೇಟಿಗೆ ದುಡ್ಡು ಸುರೀತಾರೆ.

ಯಾಕ್ರೀ? ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ಇಂಥ ಹಬ್ ಮಾಡಿದ್ದು ಯುದ್ಧದ ಜೀಪು ಡಾಂಬರು ರಸ್ತೇಲಿ ಹಗುರಾಗಿ ಓಡಲಿ ಅಂತ. ಅದು ಅನುಕೂಲವೇ ಹೊರತು ಜೀವಾಳ ಅಲ್ಲ. ಹಲ್ಲು ಸವೆದು ಒಂದೇ ಒಂದು ಹಬ್ ಜಾರಿದ್ರೂ ಡಿಫರೆನ್ಷಿಯಲ್ ಆ ಕಡೆಯ ಶಾಫ್ಟನ್ನೇ ಸುಮ್ಮನೆ ತಿರುಗಿಸುತ್ತೆ. ಮುಂದಿನ ಎರಡು ಚಕ್ರವೂ ದಂಡ. ಅದು ಗೊತ್ತಾಗೋದು ಕೆಸರಲ್ಲಿ ಹೂತ ಮೇಲೇ!

ಅದಕ್ಕಿಂತ ಗಟ್ಟಿ ಡ್ರೈವ್ ಫ್ಲಾಂಜ್ ಹಾಕಿಸಿ. ಮೈಲೇಜ್ ಹೋಗುತ್ತೆ ಅಂತೀರಾ? ಸ್ವಲ್ಪ ಹೋಗಲಿ ಬಿಡಿ. ಟ್ರಾನ್ಸ್‌ಫರ್ ಕೇಸ್ ಟೂ ವೀಲ್‌ನಲ್ಲಿದ್ರೆ ಮುಂದಿನ ಶಾಫ್ಟುಗಳು ಖಾಲಿ ತಿರುಗುತ್ವೆ, ಅಷ್ಟೇ. ಬೇಕಾದಾಗ ಲಿವರ್ ಎಳೆದ್ರಾಯ್ತು, ಕೆಸರಿಗಿಳಿದು ಹಬ್ ತಿರುಗಿಸೋ ಕೆಲಸವೂ ಇಲ್ಲ.

ಹಬ್ಬೇ ಬೇಕಾ? ಆಕ್ಸಲ್‌ನ ಸ್ಪ್ಲೈನ್ ಎಣಿಸಿ, ಬೋಲ್ಟ್ ತೂತು ಎಣಿಸಿ, ಹಳೇದನ್ನ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ. ಡಬ್ಬಿ ಮೇಲಿನ ಹೆಸರು ನಂಬಿ ತಂದ್ರೆ ಘಾಟಿಯಲ್ಲಿ ತಳ್ಳೋರು ನೀವೇ, ನೆನಪಿರಲಿ.